ನಿಕೋಡೆಮಸ್‌ನವರಿಗೆ ಯಾರೂ ಜಮೀನು ದಾನ ಮಾಡಲಿಲ್ಲ

ಪ್ರಶ್ನೆ: ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿರುವ ನಿಕೋಡೆಮಸ್ ಎಂಬ ಊರನ್ನು, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಸರ್ಕಾರವೇ ಪುಕ್ಕಟೆ ಜಮೀನು ಕೊಟ್ಟು ಕಟ್ಟಿಸಿತಂತೆ. ಅಷ್ಟೆಲ್ಲ ಕೊಟ್ಟರೂ ಊರು ಯಾಕೆ ಉಳಿಯಲಿಲ್ಲ?

ಉತ್ತರ: ಈ ಪ್ರಶ್ನೆಗೆ ಉತ್ತರಿಸುತ್ತಿರುವುದು ಎಷ್ಟನೆಯ ಸಲವೋ, ಲೆಕ್ಕವಿಟ್ಟಿಲ್ಲ. ಕೇಳುವವರು ಬದಲಾಗುತ್ತಾರೆ, ‘ಅಷ್ಟೆಲ್ಲ ಕೊಟ್ಟರೂ’ ಎನ್ನುವ ಮಾತು ಮಾತ್ರ ಅಕ್ಷರ ತಪ್ಪದೆ ಬರುತ್ತದೆ. ಆದ್ದರಿಂದ ಈ ಸಲ ಮೊದಲು ಆ ಮಾತಿನ ಬುಡಕ್ಕೇ ಕೈ ಹಾಕುತ್ತೇನೆ. ಊರು ಉಳಿಯಿತೋ ಇಲ್ಲವೋ, ಆಮೇಲೆ ನೋಡೋಣ.

ಕೊಟ್ಟವರು ಯಾರು, ಸ್ವಾಮಿ?

ಈ ನಂಬಿಕೆ ಹುಟ್ಟಿದ್ದು 1865ರ ಜನವರಿಯ ಒಂದು ಆದೇಶದಿಂದ. ಅಂತರ್ಯುದ್ಧ ಇನ್ನೇನು ಮುಗಿಯಲಿದೆ ಎನ್ನುವಾಗ ಉತ್ತರದ (ಗುಲಾಮಗಿರಿಯ ದಕ್ಷಿಣದ ವಿರುದ್ಧ ಹೋರಾಡಿದ) ಸೇನೆಯ ಜನರಲ್ ಶೆರ್ಮನ್, ಬಿಡುಗಡೆಯಾದ ಕುಟುಂಬಗಳಿಗೆ ತಲಾ ನಲವತ್ತು ಎಕರೆಯವರೆಗೆ ಹಂಚಲು ಹೇಳಿದ. ಆ ಜಮೀನು ಇದ್ದದ್ದು ಸೌತ್ ಕೆರೊಲಿನಾ, ಜಾರ್ಜಿಯ, ಫ್ಲಾರಿಡಗಳ ಕರಾವಳಿಯಲ್ಲಿ. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದರ ಬಹುಪಾಲನ್ನು ಹಳೆಯ ಮಾಲೀಕರಿಗೇ ಹಿಂದಿರುಗಿಸಿದ. ‘ನಲವತ್ತು ಎಕರೆ, ಒಂದು ಹೇಸರಗತ್ತೆ’ ಎಂಬ ಮಾತು ಜನರ ಬಾಯಲ್ಲಿ ಉಳಿಯಿತು, ಜಮೀನು ಕೈಯಲ್ಲಿ ಉಳಿಯಲಿಲ್ಲ. ಅಟ್ಲಾಂಟಿಕ್ ತೀರದ ಆ ಆದೇಶಕ್ಕೂ ಕ್ಯಾನ್ಸಸ್‌ನ ಬಯಲಿಗೂ ಯಾವ ಸಂಬಂಧವೂ ಇಲ್ಲ.

ನಿಕೋಡೆಮಸ್‌ನವರಿಗಿದ್ದ ದಾರಿ 1862ರ ಹೋಮ್‌ಸ್ಟೆಡ್ ಕಾಯ್ದೆ. ದರಖಾಸ್ತು ಹಾಕಿ ಸಾಗುವಳಿ ಚೀಟಿಗಾಗಿ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, 160 ಎಕರೆಯವರೆಗಿನ ಸರ್ಕಾರಿ ನೆಲದಲ್ಲಿ ಮನೆ ಕಟ್ಟಿಕೊಂಡು ಐದು ವರ್ಷ ಅಲ್ಲಿಯೇ ಇದ್ದು ಉತ್ತು ತೋರಿಸಬೇಕು. ಹಕ್ಕುಪತ್ರ ಆಮೇಲಿನ ಮಾತು. ಶುಲ್ಕವೆಲ್ಲ ಸೇರಿ ಸುಮಾರು 18 ಡಾಲರ್. ಎತ್ತು, ನೇಗಿಲು, ಬೀಜ, ಫಸಲು ಬರುವವರೆಗಿನ ಅನ್ನ, ಇವೆಲ್ಲ ಅರ್ಜಿದಾರನ ತಲೆನೋವು.

ಈ ಕಾಯ್ದೆಯನ್ನು ಕಪ್ಪು ಜನರಿಗಾಗಿ ಮಾಡಿದ್ದೂ ಅಲ್ಲ. ಅದು ಜಾರಿಗೆ ಬಂದಾಗ ಅವರು ಆ ದೇಶದ ಪ್ರಜೆಗಳೇ ಅಲ್ಲ ಎಂದು ಸುಪ್ರೀಂ ಕೋರ್ಟ್ 1857ರಲ್ಲಿ ಕೊಟ್ಟ ತೀರ್ಪು ಚಾಲ್ತಿಯಲ್ಲಿತ್ತು. ಪೌರತ್ವ ಸಿಕ್ಕಿದ್ದು 1866ರಲ್ಲಿ. ಸ್ವೀಡನ್ನಿನಿಂದ, ಜರ್ಮನಿಯಿಂದ ಹಡಗು ಹತ್ತಿ ಬಂದವರೂ ಇದೇ ಕ್ಯಾನ್ಸಸ್‌ನಲ್ಲಿ, ಇದೇ ಕಾಯ್ದೆಯ ಕೆಳಗೆ, ಇದೇ 160 ಎಕರೆ ಪಡೆದರು. ಅವರ ವಿಷಯದಲ್ಲಿ ‘ಅಷ್ಟೆಲ್ಲ ಕೊಟ್ಟರೂ’ ಎಂದು ಇಂದಿನವರೆಗೆ ಒಬ್ಬರೂ ನನಗೆ ಬರೆದಿಲ್ಲ. ಅವರನ್ನು ಎಲ್ಲರೂ ಕಷ್ಟಜೀವಿಗಳು ಎನ್ನುತ್ತಾರೆ.

ಇನ್ನು ‘ಸರ್ಕಾರ ಕಟ್ಟಿಸಿದ ಊರು’ ಎಂಬ ಮಾತು. ಊರಿನ ನಕ್ಷೆ ಎಳೆದದ್ದು ಒಂದು ಖಾಸಗಿ ಕಂಪನಿ, 1877ರ ಏಪ್ರಿಲ್‌ನಲ್ಲಿ. ಅದರ ಅಧ್ಯಕ್ಷ ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ, ಖಜಾಂಚಿ ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಹಿಲ್ ಲೇಔಟ್ ಮಾಡುವವನು. ಕೆಂಟಕಿ ರಾಜ್ಯದಲ್ಲಿ ಕರಪತ್ರ ಹಂಚಿದರು: ಐದು ಡಾಲರ್ ಕೊಟ್ಟವರು ಸೆಪ್ಟೆಂಬರ್ 5ರಂದು ಕ್ಯಾನ್ಸಸ್‌ಗೆ ಹೊರಡಬಹುದು. ಸೈಟು ಮಾರುವವರ ಕರಪತ್ರದಲ್ಲಿ ಹಸಿರು ಎಷ್ಟಿರುತ್ತದೆ, ನೆಲದಲ್ಲಿ ಎಷ್ಟಿರುತ್ತದೆ ಎಂಬುದನ್ನು ನಮ್ಮ ಓದುಗರಿಗೆ ನಾನು ಹೇಳಿಕೊಡಬೇಕೆ?

ಸೆಪ್ಟೆಂಬರ್ ಮಧ್ಯಕ್ಕೆ ಸುಮಾರು 300 ಜನ ಬಂದಿಳಿದರು. ಇಳಿದದ್ದು ಎಲ್ಲಿಸ್ ಎಂಬ ಊರಿನ ರೈಲು ನಿಲ್ದಾಣದಲ್ಲಿ. ಅಲ್ಲಿಂದ ಸುಮಾರು 55 ಕಿಲೋಮೀಟರ್ ಬಟ್ಟಬಯಲಿನ ದಾರಿ. ಕೆಂಟಕಿಯಲ್ಲಿ ಬೀಳುವ ಮಳೆಯ ಅರ್ಧದಷ್ಟು ಮಾತ್ರ ಬೀಳುವ ಸೀಮೆ ಅದು. ಮರವಿಲ್ಲ, ಆದ್ದರಿಂದ ತೊಲೆಯಿಲ್ಲ, ಸೌದೆಯಿಲ್ಲ. ದಿಬ್ಬದ ಮಗ್ಗುಲನ್ನು ತೋಡಿ, ಮೇಲೆ ಹುಲ್ಲುಹೆಂಟೆ ಹೊದಿಸಿ ಒಳಗೆ ಸೇರಿಕೊಂಡರು. ಒಲೆಗೆ ಸೂರ್ಯಕಾಂತಿಯ ಒಣದಂಟು, ಕಾಡೆಮ್ಮೆಯ ಒಣಸಗಣಿ. ಬಿತ್ತನೆಯ ಕಾಲ ಮುಗಿದಿತ್ತು, ಚಳಿಗಾಲ ಎದುರಿಗಿತ್ತು. ಬಂದವರಲ್ಲಿ ಹಲವರು ನೋಡಿದವರೇ ಹಿಂದಿರುಗಿದರು. ಆ ಚಳಿಗಾಲದಲ್ಲಿ, ಬೇಟೆ ಮುಗಿಸಿ ಹೋಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಮಾಂಸದಲ್ಲಿ ಪಾಲು ಕೊಟ್ಟರೆಂದು ಊರಿನ ಹಿರಿಯರು ಹೇಳುತ್ತಾ ಬಂದಿದ್ದಾರೆ. ‘ಕೊಟ್ಟರು’ ಎಂಬ ಕ್ರಿಯಾಪದವನ್ನು ಬಳಸಲೇಬೇಕೆಂದರೆ ಇಲ್ಲಿ ಬಳಸಿ.

ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಪಾದ್ರಿಯ ಹೆಂಡತಿ ಮುಂದೆ ಆ ದಿನವನ್ನು ನೆನೆದಿದ್ದಾರೆ. ಗಂಡಸರು ‘ಅದೋ ನಿಕೋಡೆಮಸ್’ ಎಂದು ಕೈ ತೋರಿಸಿದರಂತೆ. ಆಕೆ ಎಷ್ಟು ನೋಡಿದರೂ ಊರಿಲ್ಲ. ನೆಲದೊಳಗಿಂದ ಹೊಗೆ ಏಳುತ್ತಿದೆ. ಅಳು ಬಂದುಬಿಟ್ಟಿತು ಎನ್ನುತ್ತಾರೆ.

ಇಂಥ ನೆಲವನ್ನು ಎತ್ತುಗಳಿಲ್ಲದ ಮನೆಗಳವರು ಗುದ್ದಲಿ, ಸನಿಕೆಗಳಲ್ಲಿ ಅಗೆದು ಗೋಧಿ, ಜೋಳ ಬೆಳೆದರು. ಹತ್ತು ವರ್ಷ ತುಂಬುವುದರೊಳಗೆ ಅಂಗಡಿಗಳು, ಚರ್ಚುಗಳು, ಶಾಲೆ, ಹೋಟೆಲು, ಎರಡು ಪತ್ರಿಕೆಗಳು ಬಂದವು. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಮೆಕ್‌ಕೇಬ್ 1882ರಲ್ಲಿ ಇಡೀ ಕ್ಯಾನ್ಸಸ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ಪಾಠ ಹೇಳುವಾಗ ಈ ಸಾಲಿಗೆ ಬಂದರೆ ನನ್ನ ದನಿ ತಾನಾಗಿ ಏರುತ್ತಿತ್ತು. ಹಾಗೆಯೇ ಇನ್ನೊಂದು: ದಕ್ಷಿಣದಿಂದ ಸಾವಿರಾರು ಜನ ಕ್ಯಾನ್ಸಸ್‌ಗೆ ನುಗ್ಗಿದ ಪ್ರಸಿದ್ಧ ವಲಸೆ 1879ರದ್ದು. ನಿಕೋಡೆಮಸ್‌ನವರು ಅದಕ್ಕಿಂತ ಎರಡು ವರ್ಷ ಮೊದಲೇ ಬಂದವರು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಈಗ ನಿಮ್ಮ ಪ್ರಶ್ನೆಯ ಉಳಿದರ್ಧ. ರೈಲು ತಪ್ಪಿದ್ದು ನಿಜ. ಮಿಸೌರಿ ಪೆಸಿಫಿಕ್ ಕಂಪನಿಯನ್ನು ಕರೆಸಿಕೊಳ್ಳಲು 1887ರಲ್ಲಿ ಜನ ಮತ ಹಾಕಿ 16,000 ಡಾಲರ್ ಬಾಂಡಿಗೆ ಒಪ್ಪಿಗೆ ಕೊಟ್ಟರು; ರೈಲು ಬರಲಿಲ್ಲ. ಯೂನಿಯನ್ ಪೆಸಿಫಿಕ್‌ನವರು ಸಾಲೊಮನ್ ನದಿಯ ಆಚೆ ದಡದಲ್ಲಿ ಹಳಿ ಹಾಕಿದರು. 1888ರಲ್ಲಿ ಅಂಗಡಿಯವರು ಗಂಟುಮೂಟೆ ಕಟ್ಟಿ ಅಲ್ಲಿ ಹುಟ್ಟಿದ ಬೋಗ್ ಎಂಬ ಹೊಸ ಊರಿಗೆ ಹೋದರು. ಪೇಟೆ ಹೋಯಿತು, ಹೊಲ ಎಲ್ಲಿಗೆ ಹೋಗುತ್ತದೆ? ರೈತರು ಉಳಿದುಕೊಂಡು ಇನ್ನೂ ನಲವತ್ತು ವರ್ಷ ಬೆಳೆ ತೆಗೆದರು. ಅವರನ್ನು ಎಬ್ಬಿಸಿದ್ದು 1930ರ ದಶಕದ ಆರ್ಥಿಕ ಕುಸಿತ, ಬರ ಮತ್ತು ದೂಳುಗಾಳಿ. ಅವು ಆ ಬಯಲಿನ ಬಿಳಿಯರ ಊರುಗಳನ್ನೂ ಬಿಡಲಿಲ್ಲ. 1950ರ ಹೊತ್ತಿಗೆ ಊರಿನಲ್ಲಿ 16 ಜನ. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು. ಆದರೂ ‘ಉಳಿಯಲಿಲ್ಲ’ ಎನ್ನಲು ನನಗೆ ಮನಸ್ಸಿಲ್ಲ. ಕೆಲವು ಮನೆಗಳು ಇವೆ, 1996ರಿಂದ ಅದು ರಾಷ್ಟ್ರೀಯ ಐತಿಹಾಸಿಕ ತಾಣ. ಅಂದಹಾಗೆ, ಆ ಲೇಔಟಿನ ಹಿಲ್ ಸ್ವಲ್ಪ ಪಶ್ಚಿಮಕ್ಕೆ ತನ್ನ ಹೆಸರಿನದೇ ಇನ್ನೊಂದು ಊರು ಕಟ್ಟಿದ. ಹಿಲ್ ಸಿಟಿ ಇವತ್ತಿಗೂ ಆ ಕೌಂಟಿಯ ಆಡಳಿತ ಕೇಂದ್ರ.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ. ಪ್ರತಿವರ್ಷ ಜುಲೈ ಕೊನೆಯ ಹೊತ್ತಿಗೆ ಈ ಊರಿನ ಕುಡಿಗಳು ದೇಶದ ಮೂಲೆಮೂಲೆಗಳಿಂದ ಅಲ್ಲಿ ಸೇರುತ್ತಾರೆ. ಊರಹಬ್ಬವೆಂದರೆ ನಮಗೆ ಅರ್ಥವಾಗುತ್ತದೆ. ಆದರೆ ಜುಲೈ ಕೊನೆಯೇ ಯಾಕೆ? ಹಬ್ಬದ ಮೂಲ ದಿನ ಆಗಸ್ಟ್ 1. ಅದು ಅಧ್ಯಕ್ಷ ಲಿಂಕನ್ ಗುಲಾಮರ ಬಿಡುಗಡೆ ಸಾರಿದ ಘೋಷಣೆಯ ದಿನವಲ್ಲ. ಆ ಘೋಷಣೆ ಕೆಂಟಕಿಗೆ ಅನ್ವಯಿಸಿರಲೂ ಇಲ್ಲ, ಅಲ್ಲಿ ಗುಲಾಮಗಿರಿ ಸಂವಿಧಾನ ತಿದ್ದುಪಡಿಯಾಗುವವರೆಗೆ, ಅಂದರೆ 1865ರ ಡಿಸೆಂಬರ್‌ವರೆಗೆ, ಮುಂದುವರಿಯಿತು. ಆಗಸ್ಟ್ 1 ಎಂದರೆ 1834ರಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗೆ ಬ್ರಿಟಿಷ್ ಕಾಯ್ದೆಯಿಂದ ಬಿಡುಗಡೆ ಸಿಕ್ಕಿದ ದಿನ. ಕೆರಿಬಿಯನ್ ದ್ವೀಪಗಳ ಹಬ್ಬ ಕ್ಯಾನ್ಸಸ್‌ನ ಗೋಧಿಹೊಲದಲ್ಲಿ! ಅದೇ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ನೆಲವನ್ನು ಹೊರಗಿಟ್ಟಿತ್ತು. ಭಾರತದಲ್ಲಿ ಜೀತದಾಳಿನ ಮೇಲೆ ಒಡೆಯನಿಗಿದ್ದ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಬಾರದು ಎಂಬ ಕಾಯ್ದೆ ಬಂದದ್ದು 1843ರಲ್ಲಿ. ಅದರ ಬಗ್ಗೆ ಈವರೆಗೆ ಒಂದು ಪತ್ರವೂ ಬಂದಿಲ್ಲ.