ಸ್ಟ್ರಾಂಗ್ ಆಂಟಿಬಯೋಟಿಕ್ ಬೇಕಾ, ಸರಿಯಾದದ್ದು ಬೇಕಾ?

ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿಕೊಂಡ ತಕ್ಷಣ ಮನೆಯವರು ಹೇಳುವ ಮಾತು ಒಂದೇ. "ಡಾಕ್ಟ್ರೇ, ಇರೋದ್ರಲ್ಲೇ ಸ್ಟ್ರಾಂಗ್ ಆಂಟಿಬಯೋಟಿಕ್ ಹಾಕಿಬಿಡಿ." ಅವರ ಭಯ ಅರ್ಥವಾಗುತ್ತದೆ. ಆದರೆ ಆಸ್ಪತ್ರೆ ಒಳ್ಳೆಯದೋ ಅಲ್ಲವೋ ಅಂತ ಇದರ ಮೇಲೇ ತೀರ್ಮಾನ ಮಾಡಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಈ ಔಷಧಗಳಲ್ಲಿ ಮೇಲಿನದು, ಕೆಳಗಿನದು ಅಂತ ಇಲ್ಲ. ಯಾವ ರೋಗಾಣುವಿಗೆ ಯಾವುದು ಅನ್ನುವುದೇ ಮುಖ್ಯ. ಎಲ್ಲರೂ ಹೆಸರು ಹಿಡಿದು ಕೇಳುವ ಮೆರೋಪೆನಮ್ ಅನ್ನೇ ತಗೊಳ್ಳಿ. ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುವುದನ್ನು ಅದು ತಡೆಯುತ್ತದೆ. ನ್ಯುಮೋನಿಯಾ ತರುವ ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ! ನ್ಯುಮೋನಿಯಾ ತರುವ ಇನ್ನೊಂದು ಬ್ಯಾಕ್ಟೀರಿಯಾ ಲೀಜನೆಲ್ಲಾ ನಮ್ಮದೇ ಜೀವಕೋಶಗಳ ಒಳಗೆ ಬೆಳೆಯುತ್ತದೆ, ಅಲ್ಲಿ ಮೆರೋಪೆನಮ್ ಆಟ ನಡೆಯುವುದಿಲ್ಲ. ಇವೆರಡಕ್ಕೂ ಸಾಮಾನ್ಯವಾಗಿ ಅಜಿಥ್ರೋಮೈಸಿನ್ ಕೆಲಸ ಮಾಡುತ್ತದೆ. ಅದಕ್ಕೇ ಐಸಿಯು ಬೇಡದ, ವಾರ್ಡಿನಲ್ಲಿರುವ ರೋಗಿಗೆ ಸೆಫ್ಟ್ರಿಯಾಕ್ಸೋನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಜೊತೆ ಅಜಿಥ್ರೋಮೈಸಿನ್ ಕೊಡುವುದು ಒಪ್ಪಿತ ಕ್ರಮ. 2019ರ ಅಮೆರಿಕದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಎಲ್ಲರಿಗೂ ಇದೇ ಅಂತಲ್ಲ, ಅಲರ್ಜಿ, ಹೃದಯದ ಲಯ, ಕಿಡ್ನಿ ಎಲ್ಲ ನೋಡಬೇಕು.

ಬೇಗ ಕೊಡುವುದೂ ಮುಖ್ಯ, ರೋಗಿಯ ಬಿಪಿ ಬಿದ್ದಿದ್ದರಂತೂ ಕಾಯುವಂತೆಯೇ ಇಲ್ಲ. ಆದರೆ ಅಮೆರಿಕದಲ್ಲಿ ಒಮ್ಮೆ 4 ಗಂಟೆಯೊಳಗೆ ಮೊದಲ ಡೋಸ್ ಬಿದ್ದಿತೇ ಅಂತ ಆಸ್ಪತ್ರೆಗಳನ್ನು ಅಳೆದರು. ಗಡಿಯಾರ ನೋಡಿ ಓಡಿದ್ದರಿಂದ ನ್ಯುಮೋನಿಯಾ ಇಲ್ಲದವರಿಗೂ ಔಷಧ ಹೋಯಿತು. ಅದನ್ನು 6 ಗಂಟೆ ಮಾಡಿ, ಆಮೇಲೆ ಕೈಬಿಟ್ಟರು.

ನನಗೆ ಕೇಳಿದರೆ, ಆಸ್ಪತ್ರೆಯ ಗುಣಮಟ್ಟ ಗೊತ್ತಾಗುವುದು ಎರಡು-ಮೂರು ದಿನದ ಮೇಲೆ. ಕಫ, ರಕ್ತದಲ್ಲಿರುವ ರೋಗಾಣು ಯಾವುದು ಅಂತ ಲ್ಯಾಬಿನಲ್ಲಿ ಬೆಳೆಸಿ ನೋಡಿದ ಕಲ್ಚರ್ ರಿಪೋರ್ಟ್ ಬಂದಾಗ ಯಾರಾದರೂ ಕೂತು ನೋಡಿ ಔಷಧ ಬದಲಿಸುತ್ತಾರಾ, ಅನಗತ್ಯವಾದದ್ದನ್ನು ನಿಲ್ಲಿಸುತ್ತಾರಾ? ಒಬ್ಬ ಹಿರಿಯರಿಗೆ ಹೀಗೆ ದೊಡ್ಡ ಇಂಜೆಕ್ಷನ್ ನಿಲ್ಲಿಸಿ ಪೆನಿಸಿಲಿನ್ ಗುಂಪಿನ ಔಷಧಕ್ಕೆ ಇಳಿಸಿದೆವು. ಅವರ ಮಗಳು ಕಣ್ಣೀರು ಹಾಕಿಕೊಂಡು ಬಂದರು. "ಅಪ್ಪನ ಮೇಲೆ ಆಸೆ ಬಿಟ್ರಾ ಡಾಕ್ಟ್ರೇ?" ರಿಪೋರ್ಟ್ ತೋರಿಸಿ, ರೋಗಾಣು ಯಾವುದು ಅಂತ ಗೊತ್ತಾಗಿದೆ, ಅದಕ್ಕೆ ಇದೇ ಸರಿ ಅಂತ ಕೂರಿಸಿ ಹೇಳಬೇಕಾಯಿತು. ಪಾಪ, ಅಲ್ಲಿಯವರೆಗೆ ಯಾರೂ ಅವರಿಗೆ ಹೇಳಿಯೇ ಇರಲಿಲ್ಲ.

ಸುಮ್ನೆ ಔಷಧದ ಹೆಸರು ಹೇಳುವ ಬದಲು ಹಳೆಯ ಚೀಟಿಗಳನ್ನು ತನ್ನಿ. ಕಳೆದ 90 ದಿನಗಳಲ್ಲಿ ಅಡ್ಮಿಟ್ ಆಗಿ ಆಂಟಿಬಯೋಟಿಕ್ ಇಂಜೆಕ್ಷನ್ ತಗೊಂಡಿದ್ದರೆ ಮೊದಲ ಆಯ್ಕೆಯೇ ಬದಲಾಗಬಹುದು.