ಕಳೆದರೆ ಬಲಕ್ಕೇಕೆ? ಕಾರವಾರದ ಉಬ್ಬರದ ನೆರವಿನಿಂದ ನಕ್ಷೆಗಳ ಟಿಪ್ಪಣಿ

ಫಂಕ್ಷನ್‌ಗಳ ನಕ್ಷೆಯ ಪಾಠದಲ್ಲಿ ಹೆಚ್ಚಿನವರು ಎಡವುವ ಜಾಗ ಒಂದೇ. ಎಫ್(ಎಕ್ಸ್) + 2 ಎಂದರೆ ನಕ್ಷೆ ಎರಡು ಮಾನ ಮೇಲೇರುತ್ತದೆ. ಇದರಲ್ಲಿ ಯಾರಿಗೂ ತಕರಾರಿಲ್ಲ. ಎಫ್(ಎಕ್ಸ್ − 3) ಎಂದೊಡನೆ ನಕ್ಷೆ ಮೂರು ಮಾನ ಬಲಕ್ಕೆ ಸರಿಯುತ್ತದೆ. ಕಳೆದ ಮೇಲೆ ಎಡಕ್ಕೆ ಹೋಗಬೇಕಲ್ಲವೇ? ‘ಆವರಣದೊಳಗೆ ಎಲ್ಲವೂ ತಿರುಗುಮುರುಗು’ ಎಂದು ಬಾಯಿಪಾಠ ಮಾಡಿಸುವುದು ರೂಢಿ. ಎಫ್(2ಎಕ್ಸ್ − 6) ಎದುರಾಗುವವರೆಗೆ ಆ ಬಾಯಿಪಾಠ ನಡೆದೀತು. ಕಾರಣ ಬೇಕಿದ್ದರೆ ಕಾರವಾರದ ಕಡಲನ್ನೇ ಕೇಳಬಹುದು.

ಇಲ್ಲಿ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ತುಸು ಮುಂದೆ ಹೋಗಿರುತ್ತಾನೆ. ಊರು ಮತ್ತೆ ಅವನ ನೇರಕ್ಕೆ ಬರಲು 24 ಗಂಟೆ 50 ನಿಮಿಷ ಹಿಡಿಯುತ್ತದೆ. ಆದ್ದರಿಂದ ಇಂದಿನ ಉಬ್ಬರ ನಾಳೆ ಸರಾಸರಿ 50 ನಿಮಿಷ ತಡವಾಗಿ ಬರುತ್ತದೆ. ಕಾರವಾರದ ಬೈತಖೋಲದ ಮೀನುಗಾರರಿಗೂ ಅಘನಾಶಿನಿ ನದಿಯ ಅಳಿವೆಯಲ್ಲಿ ಇಳಿತ ನೋಡಿಕೊಂಡು ಬಳಚು (ಚಿಪ್ಪುಮೀನು) ಹೆಕ್ಕುವವರಿಗೂ ಇದನ್ನು ಯಾರೂ ಕಲಿಸಬೇಕಿಲ್ಲ.

ಅಡ್ಡ ಅಕ್ಷದಲ್ಲಿ ಸಮಯ, ಲಂಬ ಅಕ್ಷದಲ್ಲಿ ನೀರಿನ ಎತ್ತರ ಇಡಿ. ಇಂದಿನ ರೇಖೆಯನ್ನು ಎಚ್(ಟಿ) ಎನ್ನೋಣ, ಟಿ ಆಯಾ ದಿನದ ನಡುರಾತ್ರಿಯಿಂದ ಎಣಿಸಿದ ನಿಮಿಷಗಳಲ್ಲಿ. ನಾಳೆ ಬೆಳಿಗ್ಗೆ 10:50ಕ್ಕೆ ನೀರು ಎಷ್ಟಿರುತ್ತದೆ? ಇಂದು 10 ಗಂಟೆಗೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಾಳೆಯ ಸಮಯದಿಂದ 50 ಕಳೆದು, ಬಂದ ಹೊತ್ತನ್ನು ಇಂದಿನ ನಕ್ಷೆಯಲ್ಲಿ ಹುಡುಕಬೇಕು. ನಾಳೆಯ ರೇಖೆ ಎಚ್(ಟಿ − 50). ಉಬ್ಬರ ತಡವಾಯಿತು, ಆದ್ದರಿಂದ ನಕ್ಷೆ ಬಲಕ್ಕೆ ಸರಿಯಿತು. ಹಳೆಯ ನಕ್ಷೆಯಲ್ಲಿ ಎಷ್ಟು ಹಿಂದೆ ನೋಡಬೇಕೆಂದು ಆವರಣದೊಳಗಿನ ಮೈನಸ್ ಹೇಳಿತು. ಎರಡಕ್ಕೂ ಎಲ್ಲಿಯ ಜಗಳ?

ಹೀಗೆ ಯೋಚಿಸಿದರೆ ಎಫ್(2ಎಕ್ಸ್ − 6) ಕೂಡ ಪಳಗುತ್ತದೆ. ಮೂಲ ನಕ್ಷೆಯಲ್ಲಿ ಸೊನ್ನೆಯ ಬಳಿ ಇದ್ದದ್ದು ಈಗ ಎಲ್ಲಿದೆ? ಆವರಣ ಸೊನ್ನೆಯಾಗುವಲ್ಲಿ, ಅಂದರೆ ಎಕ್ಸ್ = 3ರಲ್ಲಿ. 6 ಎಂದು ಬರೆದು ಅಂಕ ಕಳೆದುಕೊಳ್ಳುವವರೇ ಹೆಚ್ಚು. 2ನ್ನು ಹೊರಗೆಳೆದು 2(ಎಕ್ಸ್ − 3) ಎಂದು ಬರೆದುಕೊಂಡರೆ ಕಣ್ಣಿಗೇ ಕಾಣುತ್ತದೆ. ಮೊದಲು 6 ಸರಿಸಿ, ಆಮೇಲೆ ಅರ್ಧಕ್ಕೆ ಕುಗ್ಗಿಸಿದರೂ ಸರಿಯೇ. ಸರಿದ ದೂರವೂ ಜೊತೆಗೇ ಅರ್ಧವಾಗುತ್ತದೆ.

ಲಂಬ ದಿಕ್ಕಿನ ಹಿಗ್ಗುವಿಕೆ ಸುಲಭ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಮಂದ. ಉಬ್ಬರದ ರೇಖೆಯನ್ನು ಕೊಸೈನ್ ಅಲೆಯೆಂದು ಬರೆದರೆ, ಕೊಸೈನ್‌ನ ಹೊರಗೆ ಗುಣಿಸುವ ಸಂಖ್ಯೆ ಬದಲಾಯಿತು, ಅಷ್ಟೇ.

ಇನ್ನು ಸಮಮಿತಿ. ಲೆಕ್ಕಕ್ಕೆಂದು ಸರಾಸರಿ ನೀರಿನ ಮಟ್ಟ 1.2 ಮೀಟರ್, ಅಲ್ಲಿಂದ ಏರಿಳಿತ 0.8 ಮೀಟರ್ ಎಂದಿಟ್ಟುಕೊಳ್ಳಿ. ನೀರು ತುದಿ ಮುಟ್ಟಿದ ಕ್ಷಣವನ್ನು ಟಿ = 0 ಎಂದರೆ ಎತ್ತರ 1.2 + 0.8 ಕಾಸ್(ಕೆಟಿ), ಇಲ್ಲಿ ಕೆ ಎಂದರೆ 2π ಭಾಗಿಸು ಆವರ್ತಕಾಲ (ಒಂದು ಉಬ್ಬರದಿಂದ ಮುಂದಿನದಕ್ಕೆ ಹಿಡಿಯುವ ಹೊತ್ತು). ಒಂದು ಗಂಟೆ ಮೊದಲೂ ಒಂದು ಗಂಟೆ ನಂತರವೂ ನೀರು ಒಂದೇ ಎತ್ತರ. ಎಫ್(−ಟಿ) = ಎಫ್(ಟಿ), ಸಮ ಫಂಕ್ಷನ್; ವೈ ಅಕ್ಷವೇ ಕನ್ನಡಿ. ಗಡಿಯಾರವನ್ನು ಕಾಲು ಆವರ್ತದಷ್ಟು, ಅಂದರೆ ಸುಮಾರು 3 ಗಂಟೆ 6 ನಿಮಿಷ ಮೊದಲೇ ಶುರು ಮಾಡಿದರೆ ಅದೇ ರೇಖೆ 1.2 + 0.8 ಸೈನ್(ಕೆಟಿ) ಆಗುತ್ತದೆ. ಸೈನ್ ಬೆಸ ಫಂಕ್ಷನ್, ಅಂದರೆ ಎಫ್(−ಟಿ) = −ಎಫ್(ಟಿ), ತಾನೇ? ಹೌದು, ಆದರೆ ಇದು ಬೆಸವಲ್ಲ. ಬೆಸ ಫಂಕ್ಷನ್ ಸೊನ್ನೆಯಲ್ಲಿ ಇದ್ದರೆ ಅಲ್ಲಿ ಸೊನ್ನೆಯೇ ಆಗಬೇಕು, ಇಲ್ಲಿ 1.2 ಇದೆ. ಉಬ್ಬರದ ಪಟ್ಟಿಯಲ್ಲಿ ಎತ್ತರವನ್ನು ಬಹುತೇಕ ಅತಿ ಕೆಳಗಿನ ಇಳಿತದ ಮಟ್ಟದಿಂದ ಅಳೆಯುತ್ತಾರೆ, ಹಡಗಿನವರಿಗೆ ಕನಿಷ್ಠ ಆಳ ತಿಳಿಯಬೇಕಲ್ಲ! ಸರಾಸರಿ ಮಟ್ಟದಿಂದ ಅಳೆದರೆ 1.2 ಹೋಗಿ, ಬೆಸತನ ಮರಳುತ್ತದೆ. ಮೇಲೆ ಕೆಳಗೆ ಸರಿಸಿದರೆ ಸಮ ಫಂಕ್ಷನ್ ಸಮವಾಗಿಯೇ ಉಳಿಯುತ್ತದೆ, ಬೆಸ ಉಳಿಯುವುದಿಲ್ಲ. ಎಕ್ಸ್³ − 3ಎಕ್ಸ್ ಬೆಸ. ಅದಕ್ಕೆ 2 ಕೂಡಿಸಿದರೆ ಬೆಸವಲ್ಲ, ಆದರೂ (0, 2) ಬಿಂದುವಿನ ಸುತ್ತ ಅರ್ಧ ಸುತ್ತು ತಿರುಗಿಸಿದರೆ ನಕ್ಷೆ ತನ್ನ ಮೇಲೆ ತಾನೇ ಕೂರುತ್ತದೆ. ಸಮಮಿತಿ ಅಳಿಯಲಿಲ್ಲ, ಕೇಂದ್ರ ಬದಲಾಯಿತು.

ನಿಜವಾದ ಕಡಲು ಇಷ್ಟು ಶಿಸ್ತಿನದಲ್ಲ. ನಮ್ಮ ಕರಾವಳಿಯಲ್ಲಿ ಒಂದೇ ದಿನದ ಎರಡು ಉಬ್ಬರಗಳು ಸಾಮಾನ್ಯವಾಗಿ ಸಮ ಎತ್ತರ ಮುಟ್ಟುವುದಿಲ್ಲ. ಒಂದು ಕೊಸೈನ್ ಸಾಲದು, ಹಲವನ್ನು ಕೂಡಿಸಬೇಕು.

ಪರವಲಯಕ್ಕೂ ಇದೇ ದಾರಿ. ಎಕ್ಸ್² − 6ಎಕ್ಸ್ + 11 ಕೊಟ್ಟಾಗ ಬಿಂದುಗಳನ್ನು ಗುರುತಿಸುತ್ತಾ ಕೂರಬೇಡಿ. ವರ್ಗ ಪೂರ್ಣಗೊಳಿಸಿ: (ಎಕ್ಸ್ − 3)² + 2. ಎಕ್ಸ್²ದ ನಕ್ಷೆ ಮೂರು ಬಲಕ್ಕೆ, ಎರಡು ಮೇಲಕ್ಕೆ; ಶೃಂಗ (3, 2), ಕನ್ನಡಿ ಎಕ್ಸ್ = 3. ಕನ್ನಡಿಯಿಂದ ಎರಡು ಹೆಜ್ಜೆ ಎಡಕ್ಕೆ 1, ಎರಡು ಹೆಜ್ಜೆ ಬಲಕ್ಕೆ 5. ಎರಡನ್ನೂ ಮೂಲ ಸಮೀಕರಣಕ್ಕೆ ಹಾಕಿ, 6 ಬರುತ್ತದೆ.

ಸಮವೋ ಬೆಸವೋ ಎಂದು ಹೇಳುವ ಮುನ್ನ ಡೊಮೇನ್, ಅಂದರೆ ಎಕ್ಸ್‌ಗೆ ಯಾವ ಬೆಲೆಗಳನ್ನು ಕೊಡಬಹುದು ಎಂಬುದನ್ನು, ನೋಡುವುದನ್ನು ಬಿಡಬೇಡಿ. ಎಕ್ಸ್²ವನ್ನು −1ರಿಂದ 2ರವರೆಗೆ ಮಾತ್ರ ಕೊಟ್ಟಿದ್ದರೆ ಅದು ಸಮ ಫಂಕ್ಷನ್ ಅಲ್ಲ: 2ರಲ್ಲಿ ಬೆಲೆ ಇದೆ, −2ರಲ್ಲಿ ಇಲ್ಲ.