ದೋಷ ಚಪಾತಿಯದೋ, ವ್ಯವಸ್ಥೆಯದೋ? ಬ್ರಿಟನ್ನಿನ ದಕ್ಷಿಣ ಏಷ್ಯಾ ವಲಸಿಗರ ಆರೋಗ್ಯದ ಹಿನ್ನೆಲೆ

ಎರಡನೇ ಮಹಾಯುದ್ಧದ ನಂತರ ಭಾರತ ಉಪಖಂಡದಿಂದ ಬ್ರಿಟನ್ನಿಗೆ ಹೋದ ಬಹಳಷ್ಟು ಜನರಿಗೆ ಸಿಕ್ಕಿದ್ದು ಬಟ್ಟೆ ಗಿರಣಿಗಳ ರಾತ್ರಿ ಪಾಳಿ ಮತ್ತು ಎರಕದ ಕಾರ್ಖಾನೆಗಳಂಥ, ಸ್ಥಳೀಯರು ಒಲ್ಲದ ಕೆಲಸ. ಬಣ್ಣ ನೋಡಿ ಮನೆ ಬಾಡಿಗೆಗೆ ಕೊಡದಿರುವುದು, ಕೆಲಸಕ್ಕೆ ಸೇರಿಸಿಕೊಳ್ಳದಿರುವುದು 1968ರ ಜನಾಂಗೀಯ ಸಂಬಂಧಗಳ ಕಾಯ್ದೆ ಬರುವವರೆಗೂ ಕಾನೂನುಬಾಹಿರವೇ ಆಗಿರಲಿಲ್ಲವಾದ್ದರಿಂದ, ಅನೇಕ ಕುಟುಂಬಗಳು ತೇವ ಹಿಡಿದ, ಇಕ್ಕಟ್ಟಾದ ಹಳೆಯ ಮನೆಗಳಲ್ಲೇ ಉಳಿದವು. ಆದರೆ ಇವರ ಕಾಯಿಲೆಗಳಿಗೆ ಕಾರಣ ಹುಡುಕಲು ಹೊರಟವರ ಕಣ್ಣು ಮೊದಲು ಬಿದ್ದದ್ದು ಇವರ ಅಡುಗೆಮನೆಯ ಮೇಲೆ.

ವಿಟಮಿನ್ ಡಿ ಕೊರತೆಯಿಂದ ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್‌ನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಂದು ಕಾಲಕ್ಕೆ ಬ್ರಿಟನ್ನಿನ ಬಡ ಬಿಳಿಯ ಮಕ್ಕಳನ್ನೇ ಕಾಡುತ್ತಿದ್ದ ಈ ರೋಗ ಇಳಿಮುಖವಾಗಲು ಒಂದು ಕಾರಣ, ಯುದ್ಧಕಾಲದಿಂದ ಸರ್ಕಾರವೇ ಬೆಣ್ಣೆಗೆ ಬದಲಾಗಿ ಬಳಸುವ ಮಾರ್ಗರಿನ್‌ಗೆ ವಿಟಮಿನ್ ಡಿ ಬೆರೆಸುವಂತೆ ಮಾಡಿದ್ದು. ಅಲ್ಲಿ ವಿಟಮಿನ್ ಬೆರೆಸಿದ್ದು ಜನ ತಿನ್ನುತ್ತಿದ್ದ ಆಹಾರಕ್ಕೇ. 1960ರ ದಶಕದಲ್ಲಿ ಗ್ಲಾಸ್ಗೋದ ವೈದ್ಯರು ಏಷ್ಯಾ ಮೂಲದ ಮಕ್ಕಳಲ್ಲಿ ಅದೇ ರೋಗವನ್ನು ಕಂಡಾಗ, ಚಪಾತಿ ಹಿಟ್ಟಿಗೂ ವಿಟಮಿನ್ ಬೆರೆಸಬೇಕೆಂಬ ಸಲಹೆ ಬಂತಾದರೂ ಅದು ಜಾರಿಗೆ ಬರಲಿಲ್ಲ; ಬದಲಾಗಿ 1981ರಲ್ಲಿ ಆರಂಭವಾದ ರಿಕೆಟ್ಸ್ ನಿವಾರಣಾ ಅಭಿಯಾನವು ತಾಯಂದಿರ ಊಟ, ಉಡುಪು ಮತ್ತು ಅಭ್ಯಾಸಗಳನ್ನು ತಿದ್ದುವ ಉಪದೇಶಕ್ಕೆ ಒತ್ತು ಕೊಟ್ಟಿತು. ಬಿಸಿಲು ತಾಗಿದಾಗ ಚರ್ಮವೇ ವಿಟಮಿನ್ ಡಿ ತಯಾರಿಸುವುದರಿಂದ, ಮಕ್ಕಳಿಗೆ ಬಿಸಿಲು ತಾಗಲಿ ಎಂದು ಹೇಳುವುದು ಸುಲಭ. ಆದರೆ 1978ರಲ್ಲಿ ಪೂರ್ವ ಲಂಡನ್ನಿನಲ್ಲಿ ಜವಳಿ ಕಾರ್ಮಿಕ ಅಲ್ತಾಬ್ ಅಲಿಯನ್ನು ಬೀದಿಯಲ್ಲೇ ಇರಿದು ಕೊಂದಂಥ ವಾತಾವರಣದಲ್ಲಿ ಮಕ್ಕಳನ್ನು ಹೊರಗೆ ಬಿಡಲು ತಾಯಂದಿರು ಹಿಂಜರಿದಿದ್ದರೆ ಅದನ್ನು ಸಂಸ್ಕೃತಿಯ ದೋಷವೆನ್ನಲಾಗದು.

ಸಂಶೋಧನೆಯೂ ಇದರಿಂದ ಹೊರತಾಗಿರಲಿಲ್ಲ. 1969ರಲ್ಲಿ ಕವೆಂಟ್ರಿಯಲ್ಲಿ ರಕ್ತಹೀನತೆಯ ಅಧ್ಯಯನಕ್ಕಾಗಿ ದಕ್ಷಿಣ ಏಷ್ಯಾ ಮೂಲದ 21 ಮಹಿಳೆಯರಿಗೆ ವಿಕಿರಣಶೀಲ ಕಬ್ಬಿಣ ಬೆರೆಸಿದ ಚಪಾತಿಗಳನ್ನು ತಿನ್ನಿಸಲಾಯಿತು. ಇಂಗ್ಲಿಷ್ ಅಷ್ಟಾಗಿ ಬಾರದ ಅವರಿಗೆ ತಾವು ಏನಕ್ಕೆ ಒಪ್ಪುತ್ತಿದ್ದೇವೆಂಬುದು ತಿಳಿದಿತ್ತೇ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1995ರಲ್ಲಿ, ಟಿವಿ ಸಾಕ್ಷ್ಯಚಿತ್ರವೊಂದು ಪ್ರಸಾರವಾದ ಮೇಲೆ. 1979ರಲ್ಲಿ ಮದುವೆಗೆಂದು ಹೀಥ್ರೂ ವಿಮಾನ ನಿಲ್ದಾಣಕ್ಕೆ ಬಂದಿಳಿದ ಭಾರತೀಯ ಮಹಿಳೆಯೊಬ್ಬರು ನಿಜಕ್ಕೂ ಅವಿವಾಹಿತೆಯೇ ಎಂದು ತಿಳಿಯಲು ಅವರಿಗೆ ಕನ್ಯತ್ವ ಪರೀಕ್ಷೆ ಮಾಡಿದ್ದು ಬಯಲಾಯಿತು. ವೈದ್ಯಕೀಯ ಪರೀಕ್ಷೆಯೇ ಗಡಿ ಕಾಯುವ ಸಾಧನವಾದಾಗ ವೈದ್ಯರ ಮೇಲಿನ ನಂಬಿಕೆ ಕುಂದದಿರುತ್ತದೆಯೇ?

ತಾರತಮ್ಯವನ್ನೇ ರೋಗಕಾರಣವಾಗಿ ಅಳೆಯುವ ಯತ್ನ ಬಂದದ್ದು ತಡವಾಗಿ. 1993–94ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೆರಿಬಿಯನ್ ಮತ್ತು ಏಷ್ಯಾ ಮೂಲದವರು ನೀಡಿದ ಉತ್ತರಗಳನ್ನು ವಿಶ್ಲೇಷಿಸಿ ಸಂಶೋಧಕರಾದ ಸ್ಯಾಫ್ರನ್ ಕಾರ್ಲ್ಸನ್ ಮತ್ತು ಜೇಮ್ಸ್ ನಜ್ರೂ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನಾಂಗೀಯ ನಿಂದನೆ ಅಥವಾ ಹಲ್ಲೆ ಅನುಭವಿಸಿದವರಲ್ಲಿ ಆರೋಗ್ಯ ಚೆನ್ನಾಗಿಲ್ಲವೆಂದವರ ಪ್ರಮಾಣ ಹೆಚ್ಚಾಗಿತ್ತು. ಸದಾ ಎಚ್ಚರದಲ್ಲಿರಬೇಕಾದ ದೇಹದಲ್ಲಿ ಒತ್ತಡದ ಹಾರ್ಮೋನುಗಳು ಮತ್ತೆ ಮತ್ತೆ ಏರುತ್ತವೆ, ನಿದ್ದೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಕಡಿಮೆ ಸಂಬಳ ಮತ್ತು ಕೆಟ್ಟ ವಸತಿಯ ಮೂಲಕ ಆಗುವ ಹಾನಿ ಇದರ ಜೊತೆಗೇ ನಡೆಯುವುದರಿಂದ ಎರಡನ್ನೂ ಬಿಡಿಸಿ ನೋಡುವುದು ಕಷ್ಟ, ಬಹುಶಃ ಅನಗತ್ಯ ಕೂಡ.

2020ರಲ್ಲಿ ಕೋವಿಡ್ ಬಂದಾಗ, ದೋಷ ಈ ಜನರಲ್ಲೇ ಇದೆಯೆಂಬ ಹಳೆಯ ವಾದ ಮತ್ತೆ ತಲೆಯೆತ್ತಿತು. ಬಾಂಗ್ಲಾದೇಶಿ ಮೂಲದವರಿಗೆ ಸಾವಿನ ಅಪಾಯ ಬಿಳಿಯ ಬ್ರಿಟಿಷರಿಗಿಂತ ಸುಮಾರು 2 ಪಟ್ಟು ಹೆಚ್ಚೆಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹೇಳಿದಾಗ, ವಂಶವಾಹಿ, ವಿಟಮಿನ್ ಡಿ ಕೊರತೆಗಳೇ ಮೊದಲು ಚರ್ಚೆಗೆ ಬಂದವು. ಅದೇ ವರ್ಷದ ಜೂನ್‌ನಲ್ಲಿ ಬಂದ ಇನ್ನೊಂದು ವರದಿ ಮಾತ್ರ ಜನಾಂಗೀಯ ತಾರತಮ್ಯವನ್ನು ಹೆಸರಿಟ್ಟೇ ಹೇಳಿತು: ಹಿಂದಿನ ಕಹಿ ಅನುಭವದಿಂದ ಈ ಸಮುದಾಯಗಳು ಚಿಕಿತ್ಸೆಗೆ ಬರಲು ಹಿಂಜರಿದಿರಬಹುದು, ಆಸ್ಪತ್ರೆಗಳಲ್ಲಿ ದುಡಿಯುವ ಇದೇ ಮೂಲದ ಸಿಬ್ಬಂದಿ ಸುರಕ್ಷಾ ಸಾಮಗ್ರಿ ಸಾಲದೆಂದು ಬಾಯಿಬಿಟ್ಟು ಕೇಳಲು ಅಂಜಿರಬಹುದು.